ಮುನ್ನೂರರ ಲೆಕ್ಕ, ಮೂರು ಗಂಟೆಯ ಪ್ರಶ್ನೆ: ಬೆಂಗಳೂರಿನ ಸುತ್ತಲ ಬೆಟ್ಟ ಹತ್ತಲು ಟಿಕೆಟ್ ಏಕೆ?

ಶನಿವಾರ ರಾತ್ರಿ ಊಟ ಮುಗಿಸಿ ಬೆಂಗಳೂರು ಬಿಟ್ಟು, ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ಯಾವುದೋ ದುರ್ಗದ ನೆತ್ತಿಯಲ್ಲಿರಬೇಕು ಎನ್ನುವವರಿಗೆ ಇತ್ತೀಚಿನ ವರ್ಷಗಳ ಸುದ್ದಿ ಒಂದಕ್ಕೊಂದು ತಾಳೆಯಾಗುವುದಿಲ್ಲ. 2024ರ ಜನವರಿ ಕೊನೆಯಲ್ಲಿ ‘ಚಾರಣಕ್ಕೆ ನಿಷೇಧ’ ಎಂದಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಚಾರಣಕ್ಕೆ ಆನ್‌ಲೈನ್ ಬುಕಿಂಗ್’ ಬಂತು. 2025ರ ನವೆಂಬರ್‌ನಲ್ಲಿ ಮತ್ತೆ ‘ಸಫಾರಿ, ಚಾರಣ ಬಂದ್’. ಇಷ್ಟೆಲ್ಲ ಆದರೂ ಶಿವಗಂಗೆಯ ಮೆಟ್ಟಿಲು ಹತ್ತಲು ಅರಣ್ಯ ಇಲಾಖೆಯ ಚೀಟಿ ಬೇಕಿಲ್ಲ. ಸಾವನದುರ್ಗದ ಬಂಡೆಗೆ ಬೇಕು. ಎರಡೂ ಬೆಟ್ಟ, ಎರಡರ ಬಳಿಯೂ ದೇವಸ್ಥಾನ, ಎರಡೂ ರಾಜಧಾನಿಯಿಂದ ಅರವತ್ತು ಕಿಲೊಮೀಟರ್ ಆಸುಪಾಸು. ಹಾಗಿದ್ದರೆ ನಿಯಮ ಯಾವುದು, ಅದು ಯಾರನ್ನು ಕಾಯುತ್ತಿದೆ?

ಚಾರಣಿಗರನ್ನೋ, ಕಾಡನ್ನೋ ಎಂಬುದು ಬಹುತೇಕ ಚರ್ಚೆಗಳಲ್ಲಿ ಕಲಸಿಹೋಗಿದೆ. ಎರಡನ್ನೂ ಬಿಡಿಸಿ ನೋಡದೆ ಟಿಕೆಟ್ಟನ್ನು ಬೈಯುವುದರಲ್ಲೂ ಅರ್ಥವಿಲ್ಲ, ಹೊಗಳುವುದರಲ್ಲೂ ಅರ್ಥವಿಲ್ಲ.

ಮೂರು ಆದೇಶ, ಮೂರು ಬೇರೆ ಕಾರಣ

2024ರ ಜನವರಿ 26 ಶುಕ್ರವಾರ ಬಿದ್ದಿತ್ತು. ಸತತ ಮೂರು ದಿನ ರಜೆ. ಪುಷ್ಪಗಿರಿ ವನ್ಯಧಾಮದೊಳಗಿನ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಗೇ ಜಮಾಯಿಸಿದರು; ಆ ಸಾಲಿನ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಅರಣ್ಯ ಚಾರಣ ಪಥಗಳನ್ನು ಮುಚ್ಚುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಸುದ್ದಿಯ ಶೀರ್ಷಿಕೆಗಳಲ್ಲಿ ‘ಬುಕಿಂಗ್ ಇಲ್ಲದ’ ಎಂಬ ಮಾತು ಉದುರಿಹೋಗಿ, ‘ಚಾರಣ ನಿಷೇಧ’ವಷ್ಟೇ ಉಳಿಯಿತು. ಗೊಂದಲ ಹುಟ್ಟಿದ್ದು ಅಲ್ಲಿಂದ.

ಅಕ್ಟೋಬರ್‌ನಲ್ಲಿ ಬಂದ ‘ಅರಣ್ಯ ವಿಹಾರ’ ಜಾಲತಾಣ ಅದಕ್ಕೆ ಉತ್ತರ. ಚಾರಣ ಪಥಗಳನ್ನು ಒಂದೇ ಕಡೆ ಪಟ್ಟಿ ಮಾಡಿ, ಒಂದು ಪಥಕ್ಕೆ ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂದು ಮಿತಿ ಹಾಕಲಾಯಿತು. ಅದಕ್ಕೂ ಮೊದಲು ಪರಿಸರ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಬೇರೆಯದೇ ಬುಕಿಂಗ್ ತಾಣವಿತ್ತು. ಹಳೆಯ ಬ್ಲಾಗುಗಳನ್ನು ಓದಿ ಹೊರಟವರು ಇವತ್ತಿಗೂ ಆ ಹೆಸರನ್ನೇ ಹುಡುಕುತ್ತಾರೆ.

ಮೂರನೆಯ ಆದೇಶಕ್ಕೂ ಬೆಂಗಳೂರಿನ ಬೆಟ್ಟಗಳಿಗೂ ನಂಟೇ ಇಲ್ಲ. ಮೈಸೂರು ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೂ ಸಂಘರ್ಷವಿರುವ ಕಡೆಯ ಚಾರಣವನ್ನೂ ನಿಲ್ಲಿಸಿ, ಅಲ್ಲಿನ ಸಿಬ್ಬಂದಿ ಮತ್ತು ವಾಹನಗಳನ್ನು ಹುಲಿ ಹಿಡಿಯುವ ಕಾರ್ಯಾಚರಣೆಗೆ ಹಾಕಲು ಹೊರಡಿಸಿದ ಆದೇಶ ಅದು. ಮೊದಲನೆಯದರ ಕಾರಣ ಜನಸಂದಣಿ, ಎರಡನೆಯದರದು ನಿರ್ವಹಣೆ, ಮೂರನೆಯದರದು ಮನುಷ್ಯ-ಪ್ರಾಣಿ ಸಂಘರ್ಷ. ಮೂರನ್ನೂ ಒಂದೇ ‘ಚಾರಣ ನಿಷೇಧ’ದ ಬುಟ್ಟಿಗೆ ಹಾಕಿದರೆ ಯಾವುದೂ ಅರ್ಥವಾಗುವುದಿಲ್ಲ.

ಬೆಟ್ಟ ಯಾರ ಹೆಸರಲ್ಲಿದೆ?

ಟಿಕೆಟ್ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಬೆಟ್ಟದ ಎತ್ತರವಲ್ಲ, ಅದರ ಪಹಣಿ. ಬೆಂಗಳೂರಿನ ಸುತ್ತ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಕಲ್ಲುಗುಡ್ಡಗಳು ಕಾಗದದ ಮೇಲೆ ನಾಲ್ಕೈದು ಇಲಾಖೆಗಳಿಗೆ ಹಂಚಿಹೋಗಿವೆ.

ಮೀಸಲು ಅರಣ್ಯ ಅಥವಾ ರಾಜ್ಯ ಅರಣ್ಯವೆಂದು ಅಧಿಸೂಚನೆಯಾದ ಜಾಗಕ್ಕೆ ಕರ್ನಾಟಕ ಅರಣ್ಯ ಕಾಯ್ದೆ, 1963 ಅನ್ವಯಿಸುತ್ತದೆ. ಅದರ 24ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರವೇಶ, ಬೆಂಕಿ ಹಾಕುವುದು ಅಪರಾಧ. ಸಾವನದುರ್ಗದಂಥವು ಈ ಗುಂಪಿನವು. ಇನ್ನೊಂದು ಮೆಟ್ಟಿಲು ಮೇಲೆ ಹೋದರೆ ವನ್ಯಧಾಮ, ರಾಷ್ಟ್ರೀಯ ಉದ್ಯಾನ. ಅಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಬರುತ್ತದೆ. ಅದರ 27ನೇ ಸೆಕ್ಷನ್ ಪ್ರವೇಶವನ್ನೇ ನಿರ್ಬಂಧಿಸುತ್ತದೆ. 28ನೇ ಸೆಕ್ಷನ್ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಕಾರಣಗಳಿಗೆ ಪರವಾನಗಿ ಕೊಡಬಹುದು ಎನ್ನುತ್ತದೆ. ‘ಕೊಡಬಹುದು’ ಎಂದಷ್ಟೇ. ಕೊಡಲೇಬೇಕೆಂದಿಲ್ಲ. ನಗರಕ್ಕೆ ಅಂಟಿಕೊಂಡೇ ಇರುವ 260 ಚದರ ಕಿಲೊಮೀಟರಿನ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೂ ಅದರಾಚೆಗಿನ ಕಾವೇರಿ ವನ್ಯಧಾಮವೂ ಇಲ್ಲಿಗೆ ಸೇರುತ್ತವೆ. ಬನ್ನೇರುಘಟ್ಟದ ಸಫಾರಿ ಟಿಕೆಟ್ ಹಿಡಿದುಕೊಂಡು ಪಕ್ಕದ ಕಾಡಿನಲ್ಲಿ ನಡೆಯುವ ಹಕ್ಕು ಸಿಕ್ಕಿತೆಂದು ತಿಳಿಯುವವರುಂಟು. ಸಫಾರಿ ನಡೆಯುವುದು ಬೇಲಿ ಹಾಕಿದ ಜೈವಿಕ ಉದ್ಯಾನದಲ್ಲಿ. ಅದು ಬೇರೆ, ಅರಣ್ಯ ಬೇರೆ.

ಶಿವಗಂಗೆಯಂಥ ಯಾತ್ರಾಸ್ಥಳದ ಮೆಟ್ಟಿಲು ದಾರಿಯಲ್ಲಿ ಮುಜರಾಯಿ ವ್ಯವಸ್ಥೆ ನಡೆಯುತ್ತದೆ. ಮಧುಗಿರಿಯಂಥ ಕೋಟೆಬೆಟ್ಟದಲ್ಲಿ ಪುರಾತತ್ತ್ವ ಇಲಾಖೆಯ ಮಾತೂ ನಡೆಯುತ್ತದೆ. ಉಳಿದ ಎಷ್ಟೋ ಗುಡ್ಡಗಳು ಗೋಮಾಳ, ಖರಾಬು, ಕಂದಾಯ ಭೂಮಿ. ಅಲ್ಲಿ ಗೇಟೂ ಇಲ್ಲ, ಕಾವಲೂ ಇಲ್ಲ.

ಚಿರತೆ ಮಾತ್ರ ಸರ್ವೆ ನಂಬರ್ ನೋಡಿ ಓಡಾಡುವುದಿಲ್ಲ. ಕಂದಾಯ ಭೂಮಿಯ ಗುಡ್ಡದಲ್ಲಿ ಟಿಕೆಟ್ ಇಲ್ಲವೆಂದರೆ ಅಲ್ಲಿ ವನ್ಯಜೀವಿ ಇಲ್ಲವೆಂದೇನೂ ಅಲ್ಲ.

ಕಲ್ಲಿನ ಸಂದಿಯ ಒಕ್ಕಲು

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಶಿಲೆ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಹಾದುಹೋಗುತ್ತದೆ. ಬಿಸಿಲಿಗೂ ಮಳೆಗೂ ಅದು ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಉರುಳಿದ ಪದರಗಳ ಕೆಳಗೆ ಗವಿ, ಸಂದಿ. ತಗ್ಗಿನಲ್ಲಿ ಮಳೆನೀರು ನಿಲ್ಲುವ ದೊಣೆ. ಬೇಸಿಗೆಯ ಮಧ್ಯಾಹ್ನ ಬಂಡೆಯ ಮೇಲೆ ಕಾಲಿಡಲಾಗದಿದ್ದಾಗಲೂ ಸಂದಿಯೊಳಗೆ ತಂಪಿರುತ್ತದೆ. ದಟ್ಟ ಕಾಡಿಲ್ಲದಿದ್ದರೂ ದೊಡ್ಡ ಪ್ರಾಣಿಗಳು ನಗರದ ಮಗ್ಗುಲಲ್ಲೇ ಬದುಕಿರುವುದಕ್ಕೆ ಈ ಗವಿಗಳೇ ಮುಖ್ಯ ಕಾರಣ.

ಒಕ್ಕಲುಗಳಲ್ಲಿ ಮೊದಲನೆಯದು ಚಿರತೆ. 2024ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಪಾಲು 1,879. ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರದ ಸ್ಥಾನ. ಹೊಳೆಮತ್ತಿ ನೇಚರ್ ಫೌಂಡೇಷನ್ ಕ್ಯಾಮೆರಾ ಟ್ರ್ಯಾಪ್ ಇಟ್ಟು ನಡೆಸಿದ ಅಧ್ಯಯನ ಬೆಂಗಳೂರಿನ ಅಂಚಿನಲ್ಲೇ, ಬನ್ನೇರುಘಟ್ಟವೂ ಸೇರಿ, 80ರಿಂದ 85 ಚಿರತೆಗಳಿವೆ ಎಂದು ಅಂದಾಜಿಸಿದೆ.

ಎರಡನೆಯದು ಕರಡಿ. ಗೆದ್ದಲು, ಇರುವೆ, ಜೇನು, ಅತ್ತಿ-ಬೋರೆ ಹಣ್ಣು ತಿಂದು ಬದುಕುವ ಈ ಪ್ರಾಣಿಗೆ ಕಣ್ಣು ಮಂದ. ಹುತ್ತ ಕೆದಕಿ ಗೆದ್ದಲು ಹೀರುವಾಗ ತನ್ನ ಸದ್ದಿನಲ್ಲೇ ಮುಳುಗಿರುತ್ತದೆ. ಮನುಷ್ಯ ಹತ್ತಡಿ ದೂರಕ್ಕೆ ಬಂದ ಮೇಲೆ ಬೆಚ್ಚಿಬಿದ್ದು ಎರಗುತ್ತದೆ. ಕರಡಿಯ ದಾಳಿ ಬಹುಪಾಲು ಹಸಿವಿನದ್ದಲ್ಲ, ಗಾಬರಿಯದ್ದು.

ಗಾತ್ರದಲ್ಲಿ ಸಣ್ಣದಾದರೂ ತೂಕದಲ್ಲಿ ಕಡಿಮೆಯಲ್ಲದವು ಇನ್ನೂ ಇವೆ. ಹಳದಿ ಕೊರಳಿನ ಪಿಕಳಾರ ಜಗತ್ತಿನಲ್ಲಿ ದಕ್ಷಿಣ ಭಾರತದ ಕುರುಚಲು ಕಲ್ಲುಬೆಟ್ಟಗಳಲ್ಲಿ ಮಾತ್ರ ಇರುವ ಹಕ್ಕಿ. ನಂದಿಬೆಟ್ಟ, ಸಾವನದುರ್ಗ ಅದನ್ನು ನೋಡುವ ಹೆಸರಾಂತ ತಾಣಗಳು. ದೇವರಾಯನದುರ್ಗದ ಕಡೆ ಕಾಡುಪಾಪ (ದೊಡ್ಡ ಕಣ್ಣಿನ ಪುಟ್ಟ ಇರುಳ ಪ್ರಾಣಿ) ಇದೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ವಿಸ್ತಾರ ಸುಮಾರು 346 ಹೆಕ್ಟೇರ್. ಉದ್ದಕೊಕ್ಕಿನ ರಣಹದ್ದು ಬಂಡೆಯ ಅಂಚಿನಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಜಾನುವಾರಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನು ನೆಲಕಚ್ಚಿಸಿತು. 2006ರಲ್ಲಿ ಪಶು ಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಉಳಿದಿರುವ ಬೆರಳೆಣಿಕೆಯ ಹಕ್ಕಿಗಳಲ್ಲಿ ಒಂದು ಜೋಡಿ, ಬಂಡೆ ಹತ್ತುವವರ ಗದ್ದಲಕ್ಕೆ ಹೆದರಿ ಗೂಡು ಬಿಟ್ಟರೆ ಒಂದು ವರ್ಷವೇ ಹೋದ ಹಾಗೆ. ಅಲ್ಲಿ ದೇವಸ್ಥಾನದ ಮೆಟ್ಟಿಲು ಬಿಟ್ಟು ಅಕ್ಕಪಕ್ಕದ ಬಂಡೆಗೆ ಹೋಗಲು ಬಿಡದಿರುವುದಕ್ಕೆ ಕಾರಣ ಇದು.

ಕನಕಪುರದ ಬಿಳಿಕಲ್ ರಂಗಸ್ವಾಮಿ ಬೆಟ್ಟದ ಕಡೆಗೂ ಬನ್ನೇರುಘಟ್ಟದ ದಕ್ಷಿಣಕ್ಕೂ ಲೆಕ್ಕವೇ ಬೇರೆ. ಅದು ಆನೆ ನಡೆಯುವ ನಾಡು. ರಾಗಿ ತೆನೆ ಕಟ್ಟಿ ಕೊಯ್ಲಾಗುವ ನವೆಂಬರ್‌ನಿಂದ ಜನವರಿಯ ಅವಧಿಯಲ್ಲಿ ಹಿಂಡುಗಳು ಹೊಲದಂಚಿಗೆ ಬರುತ್ತವೆ. ಚಾರಣದ ‘ಸೀಸನ್’ ಎಂದು ಎಲ್ಲರೂ ಹೇಳುವುದೂ ಅದೇ ಮೂರು ತಿಂಗಳನ್ನು.

ನಸುಕಿನ ಮೂರು ಗಂಟೆ

ಚಿರತೆ, ಕರಡಿ, ಕಾಡುಪಾಪ, ಕೊಂಬಿನ ಗೂಬೆ ಇವೆಲ್ಲ ಮುಖ್ಯವಾಗಿ ಇರುಳಿನವು. ಜನ ಇರುವ ಕಡೆ ಪ್ರಾಣಿಗಳು ತಮ್ಮ ಓಡಾಟವನ್ನು ಇನ್ನಷ್ಟು ಕತ್ತಲೆಗೆ ತಳ್ಳಿಕೊಳ್ಳುತ್ತವೆ. ಹಗಲು ದನ ಮೇಯಿಸುವವರದ್ದು, ರಾತ್ರಿ ಪ್ರಾಣಿಗಳದ್ದು ಎಂಬ ಒಪ್ಪಂದ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

‘ಸನ್‌ರೈಸ್ ಟ್ರೆಕ್’ ಮುರಿಯುವುದು ಈ ಒಪ್ಪಂದವನ್ನು. ಆರು ಗಂಟೆಯ ಸೂರ್ಯನನ್ನು ತುದಿಯಿಂದ ನೋಡಬೇಕೆಂದರೆ ಮೂರೂವರೆಗೆಲ್ಲ ಬುಡದಲ್ಲಿರಬೇಕು. ಪ್ರಾಣಿ ರಾತ್ರಿಯ ಬೇಟೆ ಮುಗಿಸಿ, ದೊಣೆಯಲ್ಲಿ ನೀರು ಕುಡಿದು, ಬೆಳಕು ಹರಿಯುವ ಮುನ್ನ ಗವಿ ಸೇರುವ ಹೊತ್ತಿಗೆ ಸರಿಯಾಗಿ ಗವಿಯ ದಾರಿಯಲ್ಲೇ ಹೆಡ್‌ಟಾರ್ಚು, ಸ್ಪೀಕರು, ಇಪ್ಪತ್ತು ಜನರ ಮಾತು. ಹಿಂದಕ್ಕೆ ಸರಿದ ಪ್ರಾಣಿ ಬೆಳಕಾಗುವಷ್ಟರಲ್ಲಿ ಬೇರೆ ಆಸರೆ ಹುಡುಕಬೇಕು. ಸುತ್ತ ಇರುವುದು ರಾಗಿ ಹೊಲ, ಮಾವಿನ ತೋಪು, ಕಲ್ಲು ಕ್ವಾರಿ. ಅಲ್ಲಿ ಅದನ್ನು ಯಾರೋ ನೋಡುತ್ತಾರೆ. ಊರಿನಲ್ಲಿ ಗುಲ್ಲೆದ್ದು ಬೋನು ಇಡಿಸುತ್ತಾರೆ. ಹೀಗೆ ಹುಟ್ಟಿದ ಸಂಘರ್ಷದ ಲೆಕ್ಕದಲ್ಲಿ ಚಾರಣಿಗನ ಹೆಸರು ಎಲ್ಲೂ ಬರುವುದಿಲ್ಲ.

ಅಪಾಯ ಚಾರಣಿಗನಿಗೂ ಇದೇ ಹೊತ್ತಿನಲ್ಲಿ ಹೆಚ್ಚು. ಟಾರ್ಚಿನ ಬೆಳಕು ಕಾಲಬುಡಕ್ಕೆ ಸಾಲುತ್ತದೆ, ಬಂಡೆಯ ಇಳಿಜಾರು ಎಲ್ಲಿ ಕಡಿದಾಗುತ್ತದೆಂದು ತೋರಿಸುವುದಿಲ್ಲ. ಬಣ್ಣದಲ್ಲಿ ಬರೆದ ಬಾಣದ ಗುರುತು ಕಾಣುವುದಿಲ್ಲ. ಕೊಳಕುಮಂಡಲ, ಕಟ್ಟುಹಾವು ಓಡಾಡುವುದೂ ಇರುಳಲ್ಲೇ. ರಾತ್ರಿ ಕಾಡಿನೊಳಗೆ ಉಳಿಯಲು ಇಲಾಖೆ ಬಿಡುವುದಿಲ್ಲ, ಸರಿ. ಆದರೆ ಸೂರ್ಯೋದಯಕ್ಕೆಂದೇ ನಸುಕಿನ ಪ್ರವೇಶ ಕೊಡುವ ಪದ್ಧತಿ ಸ್ಕಂದಗಿರಿಯಂಥ ಕಡೆ ಬೇರೂರಿದೆ. ತಲೆ ಎಣಿಸುವುದರಲ್ಲಿ ಬಿಗಿ, ಗಡಿಯಾರದ ವಿಷಯದಲ್ಲಿ ಸಡಿಲ: ಈಗಿನ ವ್ಯವಸ್ಥೆಯ ಮುಖ್ಯ ಕೊರತೆ ಇದೇ.

ಮುನ್ನೂರು ಎಂದರೆ ಎಷ್ಟು?

ದಿನಕ್ಕೆ 300 ಎಂಬ ಸಂಖ್ಯೆ ಕಡಿಮೆಯೆನಿಸಬಹುದು. ಬೆಟ್ಟದ ಮೇಲೆ ಅದು ಹೇಗಿರುತ್ತದೆಂದು ಲೆಕ್ಕ ಹಾಕೋಣ. ಹತ್ತು ಜನರ ಗುಂಪೆಂದರೆ 30 ಗುಂಪು. ಭಾನುವಾರ ಬೆಳಗ್ಗೆ ಐದರಿಂದ ಏಳರೊಳಗೆ ಎಲ್ಲರೂ ಹೊರಟರೆ ನಾಲ್ಕು ನಿಮಿಷಕ್ಕೊಂದು ಗುಂಪು. ಹತ್ತಲು ಎರಡು ಗಂಟೆ, ತುದಿಯಲ್ಲಿ ಅರ್ಧ ಗಂಟೆ, ಇಳಿಯಲು ಒಂದೂವರೆ ಗಂಟೆ ಹಿಡಿಯುವ ಬೆಟ್ಟದಲ್ಲಿ ಏಳು ಗಂಟೆಗೆ ಮೊದಲ ಗುಂಪು ತುದಿ ಮುಟ್ಟುತ್ತಿರುತ್ತದೆ, ಕೊನೆಯದು ಬುಡದಲ್ಲಿರುತ್ತದೆ. ಅಂದರೆ ಮುನ್ನೂರೂ ಮಂದಿ ಏಕಕಾಲಕ್ಕೆ ಒಂದೇ ಕಾಲುದಾರಿಯ ಮೇಲೆ. ಇಕ್ಕಟ್ಟಾದಾಗ ದಾರಿ ಬಿಟ್ಟು ಪಕ್ಕದಲ್ಲಿ ನುಗ್ಗುತ್ತಾರೆ. ಬಂಡೆಯ ಮೇಲೆ ಕೆಲವೇ ಅಂಗುಲ ದಪ್ಪದ ಮಣ್ಣು; ಎರಡು ಮಳೆಗಾಲದಲ್ಲಿ ಆ ಹೊಸ ಜಾಡು ಕೊರಕಲಾಗುತ್ತದೆ, ಮಣ್ಣು ಕೆಳಗಿನ ಕೆರೆ ಸೇರುತ್ತದೆ.

ಗಂಟೆಗೆ 25 ಮಂದಿಯಂತೆ ಬೆಳಗ್ಗೆ ಆರರಿಂದ ಹತ್ತರವರೆಗೆ ಬಿಟ್ಟರೆ ಒಂದು ಹೊತ್ತಿಗೆ ಬೆಟ್ಟದ ಮೇಲಿರುವವರು ಹೆಚ್ಚೆಂದರೆ ನೂರು. ಕಾಡಿಗೆ ನಾಟುವುದು ದಿನದ ಮೊತ್ತಕ್ಕಿಂತ ಒಂದು ಹೊತ್ತಿನ ಸಂದಣಿ. ಇನ್ನೊಂದು ಮಾತು: ಮಳೆಕಾಡಿನ ಪುಷ್ಪಗಿರಿಗೂ ಬೋಳುಬಂಡೆಯ ಸಾವನದುರ್ಗಕ್ಕೂ ಒಂದೇ ಸಂಖ್ಯೆ ಸರಿಹೊಂದುವುದು ಕಾಕತಾಳೀಯವಾದರೆ ಮಾತ್ರ ಸಾಧ್ಯ. ಇಪ್ಪತ್ತು ಜನಕ್ಕೊಬ್ಬ ಮಾರ್ಗದರ್ಶಿ ಎಂದರೂ 300 ಮಂದಿಗೆ 15 ಜನ ಬೇಕು. ಒಂದು ಬೀಟಿನಲ್ಲಿ (ಅರಣ್ಯ ಗಸ್ತಿನ ಕಿರು ವ್ಯಾಪ್ತಿ) ಗಸ್ತಿಗೇ ಅಷ್ಟು ಜನರಿರುವುದಿಲ್ಲ.

ತಮಿಳುನಾಡಿನ ಜತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. ಅಲ್ಲಿ 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದೇ ವರ್ಷ ಚಾರಣಕ್ಕೆ ಪ್ರತ್ಯೇಕ ನಿಯಮಾವಳಿ ಬಂತು. 2024ರ ಅಕ್ಟೋಬರ್‌ನಲ್ಲಿ, ಕರ್ನಾಟಕದ ಜಾಲತಾಣ ಬಂದ ತಿಂಗಳಲ್ಲೇ, 40 ಪಥಗಳ ‘ಟ್ರೆಕ್ ತಮಿಳುನಾಡು’ ಆರಂಭವಾಯಿತು. ಸುಲಭ, ಮಧ್ಯಮ, ಕಠಿಣ ಎಂಬ ಶ್ರೇಣಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿ ಕಡ್ಡಾಯ, ಬೆಂಕಿಯ ತಿಂಗಳುಗಳಲ್ಲಿ ಬಾಗಿಲು ಬಂದ್. ಅಲ್ಲಿನ ನಿಯಮ ಬೆಂಕಿಯಿಂದ ಹುಟ್ಟಿದ್ದು, ಆದ್ದರಿಂದ ಋತುವನ್ನು ನೋಡುತ್ತದೆ. ನಮ್ಮದು ಜನಸಂದಣಿಯಿಂದ ಹುಟ್ಟಿದ್ದು, ಆದ್ದರಿಂದ ತಲೆ ಎಣಿಸುತ್ತದೆ.

ಯಾರ ವಾದ ಏನು?

ಇಲಾಖೆಗೆ ಟಿಕೆಟ್ ಎಂದರೆ ಮೊದಲಿಗೆ ಹೊಣೆಗಾರಿಕೆಯ ದಾಖಲೆ. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ಗೊತ್ತಿದ್ದರೆ ದಾರಿ ತಪ್ಪಿದವರನ್ನು ಹುಡುಕಲು ಸಂಜೆಯೇ ಹೊರಡಬಹುದು. ಇದು ಸಣ್ಣ ಮಾತಲ್ಲ.

ಚಾರಣ ಆಯೋಜಕರ ದೂರು ಅನಿಶ್ಚಿತತೆಯ ಬಗ್ಗೆ. ಬೆಂಕಿ, ಭಾರಿ ಮಳೆ, ಪ್ರಾಣಿ ಸಂಚಾರ ಎಂದು ಪಥ ಮುಚ್ಚುವುದು ನ್ಯಾಯವೇ, ಆದರೆ ಬಸ್ಸು ಹೊರಡುವ ಹಿಂದಿನ ದಿನ ಗೊತ್ತಾದರೆ ನಷ್ಟ ಯಾರದು ಎನ್ನುತ್ತಾರೆ. ಇದಕ್ಕೆ ಉತ್ತರ ಕಷ್ಟದ್ದೇನಲ್ಲ: ಮುಚ್ಚುವ ತಿಂಗಳುಗಳನ್ನು ವರ್ಷದ ಆರಂಭದಲ್ಲೇ ಪ್ರಕಟಿಸಿದರೆ ಅರ್ಧ ಜಗಳ ತೀರುತ್ತದೆ.

ಪರಿಸರಾಸಕ್ತರಲ್ಲೇ ಎರಡು ಬಣ. ವನ್ಯಧಾಮದೊಳಗೆ ಮನುಷ್ಯನ ಕಾಲು ಎಷ್ಟು ಕಡಿಮೆ ಬಿದ್ದರೆ ಅಷ್ಟು ಒಳ್ಳೆಯದು ಎನ್ನುವವರು ಒಂದು ಕಡೆ. ಕಾಡಿನಲ್ಲಿ ನಡೆದವರೇ ನಾಳೆ ಕಾಡಿನ ಪರ ನಿಲ್ಲುವವರು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಬಳಿ ತುರಹಳ್ಳಿಯ ಉದಾಹರಣೆ ಇದೆ. ನಗರದೊಳಗೇ ಉಳಿದ ಸುಮಾರು 600 ಎಕರೆಯ ಆ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ 2021ರಲ್ಲಿ ಬಂದಾಗ ಬೀದಿಗಿಳಿದವರು ಅಲ್ಲಿ ದಿನವೂ ನಡೆಯುತ್ತಿದ್ದವರು, ಸೈಕಲ್ ತುಳಿಯುತ್ತಿದ್ದವರು, ಹಕ್ಕಿ ನೋಡುತ್ತಿದ್ದವರು. ಗೇಟು ಹಾಕಿ ಜನರನ್ನು ದೂರವಿಟ್ಟಿದ್ದರೆ ಆ ದನಿ ಏಳುತ್ತಿರಲಿಲ್ಲ ಎಂಬುದು ಬಲವಾದ ವಾದ. ಆದರೆ ತುರಹಳ್ಳಿಗೆ ಒಪ್ಪುವುದು ರಣಹದ್ದಿನ ಗೂಡಿನ ಬುಡಕ್ಕೆ ಒಪ್ಪುವುದಿಲ್ಲ.

ಇವರೆಲ್ಲರಿಗಿಂತ ಕಡಿಮೆ ಕೇಳಿಸುವುದು ಬೆಟ್ಟದ ಬುಡದ ಊರಿನವರ ಮಾತು. ಜಾತ್ರೆಯ ದಿನ ಸಾವಿರಾರು ಜನ ಟಿಕೆಟ್ಟಿಲ್ಲದೆ ಹತ್ತುವ ಬೆಟ್ಟಕ್ಕೆ ಮರುದಿನ ಗೇಟು. ಕುರಿ ಮೇಯಿಸುವವರಿಗೆ ಗದರಿಕೆ, ಕಾರಿನಲ್ಲಿ ಬಂದವರಿಗೆ ಸ್ವಾಗತ. ಹಾಗೆಂದು ಊರಿಗೆ ಏನೂ ದಕ್ಕುವುದಿಲ್ಲವೆಂದಲ್ಲ. ಪಾರ್ಕಿಂಗು, ತಟ್ಟೆ ಇಡ್ಲಿ, ಮಾರ್ಗದರ್ಶಿ ಕೆಲಸ ಇವೆ. ಟಿಕೆಟ್ ಹಣದಲ್ಲಿ ಎಷ್ಟು ಗ್ರಾಮ ಅರಣ್ಯ ಸಮಿತಿಗೆ ಬರುತ್ತದೆ ಎಂಬುದನ್ನು ಪ್ರತಿ ಪಥದ ಗೇಟಿನಲ್ಲಿ ಬರೆದು ಹಾಕಿದರೆ ಒಳ್ಳೆಯದು. ಬೆಂಕಿ ಬಿದ್ದಾಗ ಮೊದಲು ಸೊಪ್ಪು ಹಿಡಿದು ಓಡುವವರು ಇವರೇ ತಾನೆ.

ಟಿಕೆಟ್ ಸಿಗದವರು ಎಲ್ಲಿಗೆ ಹೋಗುತ್ತಾರೆ?

ಮನೆಗಂತೂ ಹೋಗುವುದಿಲ್ಲ. ಹೊರಟಿದ್ದಾಗಿದೆ, ಬಾಡಿಗೆ ಗಾಡಿ ಹೇಳಿಯಾಗಿದೆ. ಮ್ಯಾಪ್‌ನಲ್ಲಿ ‘ವ್ಯೂ ಪಾಯಿಂಟ್’ ಎಂದು ಯಾರೋ ಗುರುತು ಹಾಕಿದ ಪಕ್ಕದ ಗುಡ್ಡಕ್ಕೆ ಹೋಗುತ್ತಾರೆ. ಅದು ಕಂದಾಯ ಭೂಮಿ. ಕಸದ ಡಬ್ಬಿಯಿಲ್ಲ, ಕಾವಲುಗಾರನಿಲ್ಲ, ದಾರಿಯ ಗುರುತಿಲ್ಲ. ನಾಲ್ಕು ಪಥಗಳನ್ನು ಬಿಗಿ ಮಾಡಿದಾಗ ಒತ್ತಡ ಕರಗುವುದಿಲ್ಲ, ಜಾಗ ಬದಲಿಸುತ್ತದೆ.

ಅಲ್ಲಿ ನಡೆಯುವುದನ್ನು ಹಂತ ಹಂತವಾಗಿ ನೋಡಿದರೆ ಕೊಂಡಿ ಕಾಣುತ್ತದೆ. ಬಿಸಾಡಿದ ಬಿರಿಯಾನಿ, ಚಿಪ್ಸ್ ಪೊಟ್ಟಣಕ್ಕೆ ಮೊದಲು ಕೋತಿ, ಆಮೇಲೆ ಊರನಾಯಿ, ಹಂದಿ ಬರುತ್ತವೆ. ನಾಯಿ ಚಿರತೆಗೆ ಸುಲಭದ ತುತ್ತು. ನಾಯಿ ಎಲ್ಲಿ ಸೇರುತ್ತದೋ ಅಲ್ಲಿಗೆ ಚಿರತೆ ಇಳಿದು ಬರುತ್ತದೆ, ಅಲ್ಲಿಂದ ಕೊಟ್ಟಿಗೆಗೆ ಹೆಚ್ಚು ದೂರವಿಲ್ಲ. ಆರದ ಕ್ಯಾಂಪ್‌ಫೈರಿನದು ಇನ್ನೊಂದು ಕೊಂಡಿ. ಜನವರಿ ದಾಟಿದರೆ ಬೆಟ್ಟದ ಬಾದೆ ಹುಲ್ಲು ಒಣಗಿ, ಎಣ್ಣೆಯಂಶಕ್ಕೆ ಬಗ್ಗನೆ ಹತ್ತಿಕೊಳ್ಳುತ್ತದೆ. ಸುಟ್ಟ ಜಾಗದಲ್ಲಿ ಮೊದಲು ಚಿಗುರುವುದು ಲಂಟಾನ. ಮೊಲ, ಜಿಂಕೆಗೆ ಮೇವು ಕಡಿಮೆಯಾಗುತ್ತದೆ. ಕಾಲುದಾರಿಯ ಎರಡೂ ಬದಿ ಪೊದೆ ಮುಚ್ಚಿಕೊಂಡು ಮೂರಡಿ ಆಚೆ ಕರಡಿ ಇದ್ದರೂ ಕಾಣದ ಹಾಗಾಗುತ್ತದೆ. ಒಂದು ರಾತ್ರಿಯ ಬೆಂಕಿಗೆ ಮುಂದಿನ ವರ್ಷ ಬೆಲೆ ತೆರುವವನು ಬೇರೆ ಯಾರೋ.

ಟಿಕೆಟ್ಟಿನ ಆದಾಯವೇ ಗುರಿಯಾಗಿಬಿಟ್ಟರೆ ಬರುವ ತೊಂದರೆ ಬೇರೆ ಬಗೆಯದು. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ, ಅನುಮೋದಿತ ಕಾರ್ಯಯೋಜನೆಯಲ್ಲಿರುವ ಪರಿಸರ ಪ್ರವಾಸೋದ್ಯಮ ಸೌಕರ್ಯಗಳನ್ನು ಅರಣ್ಯೇತರ ಬಳಕೆಯಲ್ಲ ಎಂದು ಪರಿಗಣಿಸುತ್ತದೆ. ಅಂದರೆ ವಾಚ್‌ಟವರು, ಕಾಟೇಜು ಕಟ್ಟುವ ದಾರಿ ಮೊದಲಿಗಿಂತ ಸಲೀಸು. ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯವನ್ನು (ಉದ್ಯಾನದ ಸುತ್ತ ಕಟ್ಟಡ, ಗಣಿಗಾರಿಕೆಗೆ ಕಡಿವಾಣವಿರುವ ಅಂಚು) 268.96 ಚದರ ಕಿಲೊಮೀಟರಿನ ಕರಡಿನಿಂದ 168.84ಕ್ಕೆ ಇಳಿಸಿ ಅಂತಿಮಗೊಳಿಸಿದ್ದು ನೆನಪಿದ್ದವರಿಗೆ ಈ ಆತಂಕ ಅತಿಯೆನಿಸುವುದಿಲ್ಲ. ದಿನಕ್ಕೆ ಮುನ್ನೂರು ಜನ ನಡೆದುಹೋಗುವುದು ಒಂದು ಹೊರೆ. ಕಾಡಂಚಿನಲ್ಲಿ ಬೆಳಗಿನತನಕ ದೀಪ ಉರಿಯುವ ಒಂದು ರೆಸಾರ್ಟು ಅದಕ್ಕಿಂತ ದೊಡ್ಡ ಹೊರೆ.

ಹೊರಡುವ ಮುನ್ನ, ಹೊರಟ ಮೇಲೆ

ಹೋಗಬೇಕೆಂದಿರುವ ಬೆಟ್ಟದ ಹೆಸರು ಅರಣ್ಯ ವಿಹಾರದ ಪಟ್ಟಿಯಲ್ಲಿದೆಯೇ ನೋಡಿ. ಪಟ್ಟಿ ಆಗಾಗ ಬದಲಾಗುತ್ತದೆ, ಕಳೆದ ಸಲದ ನೆನಪನ್ನು ನೆಚ್ಚಬೇಡಿ. ಇಲ್ಲದಿದ್ದರೆ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಆ ಜಾಗದ ಮೇಲೆ ಬೆರಳಿಟ್ಟರೆ ಸರ್ವೆ ನಂಬರ್ ಬರುತ್ತದೆ. ಅರಣ್ಯವೆಂದಿದ್ದು ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಅಲ್ಲಿ ಚಾರಣಕ್ಕೆ ಅನುಮತಿಯಿಲ್ಲವೆಂದೇ ಅರ್ಥ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳದೆ ಮುಂದುವರಿಯಬೇಡಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿ ಜತೆಗಿರಲಿ.

ಬೆಳಕಾದ ಮೇಲೆ ಹತ್ತಿ, ಹನ್ನೊಂದರೊಳಗೆ ಬಂಡೆ ಇಳಿದುಬಿಡಿ. ಗ್ರಾನೈಟ್ ಹೊತ್ತೇರಿದಂತೆ ಹೆಂಚಿನ ಹಾಗೆ ಕಾಯುತ್ತದೆ. ಸಾವನದುರ್ಗದ ಕರಿಗುಡ್ಡದಲ್ಲಿ ಅರ್ಧ ದಾರಿಯ ಮೇಲೆ ನೆರಳು ಅಪರೂಪ. ಒಬ್ಬರಿಗೆ ಮೂರು ಲೀಟರ್ ನೀರು ಬೇಕು. ಮಳೆ ಬಿದ್ದ ದಿನ ಬಂಡೆ ಹತ್ತಬೇಡಿ: ಒಣಗಿದ್ದಾಗ ಕಪ್ಪು ಕಲೆಯಂತೆ ಕಾಣುವ ಪಾಚಿಯ ಪದರ ನೆನೆದರೆ ಸೋಪಿನ ಹಾಗೆ ಜಾರುತ್ತದೆ, ಎಷ್ಟು ಒಳ್ಳೆಯ ಶೂ ಇದ್ದರೂ ನಿಲ್ಲುವುದಿಲ್ಲ. ದಾರಿ ತಪ್ಪುವುದು ಹತ್ತುವಾಗಲ್ಲ, ಇಳಿಯುವಾಗ. ಮೇಲಿನಿಂದ ನೋಡಿದರೆ ಎಲ್ಲ ಇಳಿಜಾರೂ ಒಂದೇ ತರ, ಬಾಣದ ಗುರುತು ಬಂಡೆಯ ಕೆಳಮುಖದಲ್ಲಿರುತ್ತದೆ. ಹತ್ತುವಾಗ ಕಾಲು ಗಂಟೆಗೊಮ್ಮೆ ತಿರುಗಿ ನೋಡಿ ಗುರುತು ಹಿಡಿದುಕೊಂಡವರು ತಪ್ಪುವುದು ಕಡಿಮೆ.

ಹೆಜ್ಜೇನು ಈ ಬೆಟ್ಟಗಳಲ್ಲಿ ಚಿರತೆಗಿಂತ ಹತ್ತಿರದ ಅಪಾಯ. ಬಂಡೆಯ ಚಾಚಿನ ಕೆಳಗೆ ಜೇನುತಟ್ಟಿ ಕಂಡರೆ ಹೊಗೆ, ಗಾಢ ಸೆಂಟು, ಡ್ರೋನ್ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಒಂದೇ ಸಮನೆ ದೂರ ಓಡಬೇಕು. ಕೈ ಬೀಸಿ ಹೊಡೆದರೆ ಇನ್ನಷ್ಟು ಬರುತ್ತವೆ. ಕರಡಿಯ ಜಾಗದಲ್ಲಿ ಇದಕ್ಕೆ ತದ್ವಿರುದ್ಧ: ಪೊದೆಯ ದಾರಿಯಲ್ಲಿ ಮಾತಾಡುತ್ತ, ಕೋಲು ತಟ್ಟುತ್ತ ನಡೆಯಿರಿ, ಅದಕ್ಕೆ ನಿಮ್ಮ ಸುಳಿವು ದೂರದಿಂದಲೇ ಸಿಗಲಿ. ಚಿರತೆ ಎದುರಾದರೆ ಓಡಬಾರದು, ಕುಕ್ಕರಗಾಲಲ್ಲಿ ಕೂರಬಾರದು. ಮಕ್ಕಳನ್ನು ಎತ್ತಿಕೊಂಡು, ಮುಖ ಅದರ ಕಡೆಗಿಟ್ಟು, ಮೆಲ್ಲಗೆ ಹಿಂದೆ ಸರಿಯಿರಿ. ಆನೆಯ ಹಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್.

ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ತಪ್ಪು. ಕಡಿದ ಕೈಕಾಲು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಉಂಗುರ, ಗಡಿಯಾರ ತೆಗೆದು, ನಡೆಸದೆ ಹೊತ್ತು ಇಳಿಸಿ 108ಕ್ಕೆ ಕರೆ ಮಾಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ, ಹಾಗಾಗಿ ಆಸ್ಪತ್ರೆಯಲ್ಲಿ ವಿವರ ಕೇಳಿದರೆ ಗಾಬರಿಯಾಗಬೇಡಿ.

ದೊಣೆಯ ನೀರಿಗೆ ಸೋಪು, ಸನ್‌ಸ್ಕ್ರೀನ್ ಹಚ್ಚಿದ ಮೈ ಇಳಿಸಬೇಡಿ. ಏಪ್ರಿಲ್‌ವರೆಗೆ ಮೇಲಿನ ಪ್ರಾಣಿ-ಪಕ್ಷಿಗಳಿಗೆ ಇರುವುದು ಆ ಒಂದು ಗುಂಡಿ ನೀರು. ಹೊಗೆ ಕಂಡರೆ, ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಇಳಿದ ಮೇಲೆ ಗೇಟಿನ ಪುಸ್ತಕದಲ್ಲಿ ಹೊರಬಂದ ಸಮಯ ಬರೆಸಿಯೇ ಗಾಡಿ ಹತ್ತಿ. ಬರೆಸದೆ ಹೋದ ಒಂದು ಹೆಸರಿಗಾಗಿ ಇಬ್ಬರು ವಾಚರ್‌ಗಳು ಟಾರ್ಚು ಹಿಡಿದು ಕತ್ತಲಲ್ಲಿ ಮತ್ತೆ ಬೆಟ್ಟ ಹತ್ತಬೇಕಾಗುತ್ತದೆ.